ಒಂದುಗಳ ಹಾರ: ಗಣಿತಸಾರಸಂಗ್ರಹದಿಂದ ಹತ್ತೊಂಬತ್ತು ಸ್ಥಾನಗಳ ಅವಿಭಾಜ್ಯ ಸಂಖ್ಯೆಯವರೆಗೆ

ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಮಹಾವೀರಾಚಾರ್ಯನ ಹೆಸರು ಸಾಮಾನ್ಯವಾಗಿ ಒಂದೇ ಕಾರಣಕ್ಕೆ ಬರುತ್ತದೆ. ಕ್ರಿ.ಶ. 850ರ ಸುಮಾರಿನಲ್ಲಿ ಸಂಸ್ಕೃತದಲ್ಲಿ ರಚಿತವಾದ ಅವನ 'ಗಣಿತಸಾರಸಂಗ್ರಹ'ದ ಆರಂಭದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಸ್ತುತಿಯಿದೆ. ಕವಿರಾಜಮಾರ್ಗದ ಕಾಲವನ್ನೋ ಕರ್ತೃತ್ವವನ್ನೋ ಅರಸನ ಜೈನಧರ್ಮದ ಒಲವನ್ನೋ ಚರ್ಚಿಸುವವರು ಆ ಪದ್ಯಗಳನ್ನು ಉಲ್ಲೇಖಿಸಿ ಮುಂದೆ ಸಾಗುತ್ತಾರೆ. ಗ್ರಂಥದ ಒಂಬತ್ತು ಅಧಿಕಾರಗಳಲ್ಲಿ ಉಳಿದುದೆಲ್ಲವೂ ಗಣಿತದವರ ಪಾಲಿಗೆ ಸೇರಿದ್ದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಗ್ರಂಥ ದೊರೆಯುವುದಿಲ್ಲವೆಂದು ಹೇಳುವಂತಿಲ್ಲ. ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದ ಸಹಿತವಾದ ಮದರಾಸಿನ ಆವೃತ್ತಿ 1912ರಲ್ಲಿಯೇ ಪ್ರಕಟವಾಯಿತು. ಪ್ರೊ. ಪದ್ಮಾವತಮ್ಮ ಅವರ ಕನ್ನಡ ಅನುವಾದವುಳ್ಳ ಆವೃತ್ತಿ 2000ದಲ್ಲಿ ಹೊಂಬುಜದಿಂದ ಹೊರಬಂದಿತು. ಹೀಗಿದ್ದೂ ಮಂಗಳಾಚರಣೆಯನ್ನು ದಾಟಿ ಉದಾಹರಣೆಗಳನ್ನು ಓದುವ ಅಭ್ಯಾಸ ಕನ್ನಡ ವಿಭಾಗಗಳಲ್ಲಿ ಬೆಳೆಯಲಿಲ್ಲ. ಈ ಮಾತು ಪ್ರಸ್ತುತ ಲೇಖಕನಿಗೂ ಅನ್ವಯಿಸುತ್ತದೆ. ಎಂ.ಎ. ತರಗತಿಯಲ್ಲಿ ಆ ಸ್ತುತಿಪದ್ಯಗಳ ಟಿಪ್ಪಣಿಯನ್ನು ಬರೆದುಕೊಂಡ ಎಷ್ಟೋ ವರ್ಷಗಳ ಮೇಲೆ, ಬೇರೊಂದು ವಿಷಯವನ್ನು ಹುಡುಕುವಾಗ ಎರಡನೆಯ ಅಧಿಕಾರದ ಗುಣಾಕಾರದ ಉದಾಹರಣೆಗಳು ಕಣ್ಣಿಗೆ ಬಿದ್ದವು. ಅವು ಲೆಕ್ಕಗಳಂತೆ ಕಾಣಲಿಲ್ಲ, ಚಿತ್ರಕಾವ್ಯದಂತೆ ಕಂಡವು. ಆ ಉದಾಹರಣೆಗಳ ಒಳಗೆ ಅಡಗಿರುವ ಅವಿಭಾಜ್ಯ ಸಂಖ್ಯೆಗಳನ್ನು ಗುರುತಿಸುವುದು ಮತ್ತು ಅದೇ ದಾರಿಯಲ್ಲಿ ಮುಂದುವರಿದರೆ ಎದುರಾಗುವ ಒಂದು ದೊಡ್ಡ ಅವಿಭಾಜ್ಯ ಸಂಖ್ಯೆಯ ಗುಣಗಳನ್ನು ವಿವರಿಸುವುದು ಈ ಲೇಖನದ ಉದ್ದೇಶವಾಗಿದೆ.

ಅದಕ್ಕೂ ಮೊದಲು 'ಭಾಗ' ಎಂಬುದರ ಬಗ್ಗೆ ನಾಲ್ಕು ಮಾತು ಅಗತ್ಯ. ಲೇಖಕನ ಊರಾದ ರಟ್ಟೀಹಳ್ಳಿಯು ಹಾವೇರಿ ಜಿಲ್ಲೆಯಲ್ಲಿ ಕುಮುದ್ವತಿ ನದಿಯ ದಡದಲ್ಲಿದೆ. ಅಲ್ಲಿಯ ಕದಂಬೇಶ್ವರ ದೇವಾಲಯ ಮೂರು ಗರ್ಭಗೃಹಗಳ ತ್ರಿಕೂಟ ರಚನೆ. ಊರ ಹೆಸರಿನಲ್ಲಿರುವ 'ರಟ್ಟ' ಶಬ್ದ ರಾಷ್ಟ್ರಕೂಟರ ನೆನಪು ತರುವುದಾದರೂ, ಕೇವಲ ಶಬ್ದಸಾಮ್ಯದ ಮೇಲೆ ಮಹಾವೀರಾಚಾರ್ಯನನ್ನು ನಮ್ಮೂರಿಗೆ ಎಳೆದು ತರುವ ಇಚ್ಛೆ ಇಲ್ಲಿಲ್ಲ. ಇಲ್ಲಿ ಗಮನಿಸಬೇಕಾದುದು ಈ ಸೀಮೆಯ ಶಾಸನಗಳಲ್ಲಿ ನಾಡುಗಳ ಹೆಸರಿಗೆ ಅಂಟಿಕೊಂಡು ಬರುವ ಸಂಖ್ಯೆಗಳನ್ನು. ಬನವಾಸಿ 12000, ಹಾನುಂಗಲ್ಲು 500, ಬಾಸವೂರು 140, ನಾಗರಖಂಡ 70, ಪುಲಿಗೆರೆ 300, ಬೆಳ್ವೊಲ 300. ಸ್ವಲ್ಪ ದೂರ ಹೋದರೆ ನೊಳಂಬವಾಡಿ 32000, ಗಂಗವಾಡಿ 96000. ಈ ಸಂಖ್ಯೆಗಳು ಗ್ರಾಮಗಳ ಎಣಿಕೆಯನ್ನು ಸೂಚಿಸುತ್ತವೆಯೋ ಆದಾಯದ ಅಳತೆಯನ್ನೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಯಾವುದೇ ಆಗಿರಲಿ, ಅವುಗಳಲ್ಲಿ ಒಂದು ಸಾಮಾನ್ಯ ಲಕ್ಷಣವಿದೆ: ಮೇಲೆ ಹೇಳಿದ ಎಲ್ಲ ಸಂಖ್ಯೆಗಳೂ 2, 3, 5, 7 ಎಂಬ ನಾಲ್ಕೇ ಸಂಖ್ಯೆಗಳನ್ನು ಮತ್ತೆ ಮತ್ತೆ ಗುಣಿಸಿದರೆ ದೊರೆಯುವಂಥವು. 12000 ಎಂದರೆ ಐದು ಎರಡುಗಳು, ಒಂದು ಮೂರು, ಮೂರು ಐದುಗಳ ಗುಣಲಬ್ಧ. 140 ಎಂದರೆ ಎರಡು ಎರಡುಗಳು, ಒಂದು ಐದು, ಒಂದು ಏಳು. ಅರ್ಧ ಮಾಡಬಹುದು, ಕಾಲು ಮಾಡಬಹುದು, ಐದು ಪಾಲು ಮಾಡಬಹುದು. ಆಡಳಿತಕ್ಕೂ ತೆರಿಗೆಗೂ ದಾನಕ್ಕೂ ಬೇಕಾದುದು ಹಂಚಲು ಒದಗುವ ಸಂಖ್ಯೆ. ದತ್ತಿಯ ಶಾಸನಗಳ ನಾಣ್ಯಭಾಷೆಯೂ ಹೀಗೆಯೇ ಇದೆ. ಹಾಗ ಎಂದರೆ ಪಣದ ಕಾಲುಭಾಗ, ವೀಸ ಎಂದರೆ ಹದಿನಾರನೆಯ ಒಂದು ಭಾಗ.

ಹಳಗನ್ನಡದಲ್ಲಿ 'ಪಸು' ಎಂದರೆ ಹಂಚು, ಭಾಗಿಸು. 'ಪಸುಗೆ' ಎಂದರೆ ಹಂಚಿಕೆ, ಭಾಗ. ಹನ್ನೆರಡನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲಿ ಗಣಿತಗ್ರಂಥಗಳನ್ನು ರಚಿಸಿದ ಮೊದಲಿಗ. ಅವನ ಕೃತಿಗಳಲ್ಲಿ 'ವ್ಯವಹಾರಗಣಿತ', 'ಕ್ಷೇತ್ರಗಣಿತ'ಗಳ ಜೊತೆಗೆ 'ಚಿತ್ರಹಸುಗೆ' ಎಂಬುದೊಂದು ಹೆಸರಿದೆ. ಇಂದಿನ ಶಾಲಾಪಠ್ಯದ 'ಅವಿಭಾಜ್ಯ ಸಂಖ್ಯೆ'ಯನ್ನು ಆ ಭಾಷೆಯಲ್ಲಿ ಹೇಳಬೇಕಾಗಿದ್ದರೆ ಪಸುಗೆಗೆ ಒಗ್ಗದ ಸಂಖ್ಯೆ ಎನ್ನಬೇಕಾಗುತ್ತಿತ್ತು. 1 ಮತ್ತು ಅದೇ ಸಂಖ್ಯೆಯ ಹೊರತು ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ, 1ಕ್ಕಿಂತ ದೊಡ್ಡದಾದ ಪೂರ್ಣಸಂಖ್ಯೆಯೇ ಅವಿಭಾಜ್ಯ ಸಂಖ್ಯೆ. 2, 3, 5, 7, 11, 13, 17, 19, 23 ಹೀಗೆ ಅವು ಸಾಗುತ್ತವೆ. ಮಗ್ಗಿ ಬಾಯಿಪಾಠ ಮಾಡಿದವರಿಗೆ ಇವುಗಳ ಪರಿಚಯ ಬೇರೊಂದು ರೀತಿಯಲ್ಲಿ ಆಗಿರುತ್ತದೆ. ಇಪ್ಪತ್ತರವರೆಗಿನ ಮಗ್ಗಿಗಳಲ್ಲಿ ನಾಲಿಗೆ ತೊಡರುವುದು ಹದಿಮೂರು, ಹದಿನೇಳು, ಹತ್ತೊಂಬತ್ತರಲ್ಲಿ. ಹನ್ನೆರಡರ ಮಗ್ಗಿಯನ್ನು ಆರರ ಮಗ್ಗಿಯ ನೆರವಿನಿಂದ ಹೇಳಬಹುದು, ಹದಿನೆಂಟನ್ನು ಒಂಬತ್ತರ ನೆರವಿನಿಂದ. ಹದಿನೇಳಕ್ಕೆ ಅಂಥ ನೆಂಟರಿಲ್ಲ. ಹನ್ನೊಂದೂ ಒಂಟಿಯೇ, ಆದರೆ ನಾವು ಹತ್ತರ ಲೆಕ್ಕದಲ್ಲಿ ಬರೆಯುವುದರಿಂದ ಅದರ ಮಗ್ಗಿ ಮಾತ್ರ ಸಲೀಸು. ಹನ್ನೊಂದು ಎಂದರೆ ಪಕ್ಕಪಕ್ಕದಲ್ಲಿ ಇಟ್ಟ ಎರಡು ಒಂದುಗಳು. ಈ ಸಣ್ಣ ಸಂಗತಿ ಮುಂದಿನ ವಿವೇಚನೆಗೆ ಬಾಗಿಲು.

ಮಹಾವೀರಾಚಾರ್ಯನು ಗುಣಾಕಾರದ ಉದಾಹರಣೆಗಳಲ್ಲಿ ಕೆಲವು ಗುಣಲಬ್ಧಗಳನ್ನು ಅರಸನ ಕೊರಳ ಹಾರಕ್ಕೆ ಹೋಲಿಸುತ್ತಾನೆ. ಕಂಠಾಭರಣ, ರಾಜಕಂಠಿಕೆ ಎಂಬ ಹೆಸರುಗಳು ಅಲ್ಲಿ ಬರುತ್ತವೆ. ಅವುಗಳಲ್ಲಿ ಕೆಲವನ್ನು ಇಂದಿನ ಅಂಕೆಗಳಲ್ಲಿ ಬರೆದರೆ ಹೀಗಾಗುತ್ತದೆ:

139 × 109 = 15151
152207 × 73 = 11111111
12345679 × 9 = 111111111
14287143 × 7 = 100010001
142857143 × 7 = 1000000001
11011011 × 91 = 1002002001
27994681 × 441 = 12345654321
333333666667 × 33 = 11000011000011

ಎಡದಿಂದ ಓದಿದರೂ ಬಲದಿಂದ ಓದಿದರೂ ಗುಣಲಬ್ಧ ಒಂದೇ. ಚಿತ್ರಕಾವ್ಯದಲ್ಲಿ ಇದಕ್ಕೆ ಗತಪ್ರತ್ಯಾಗತವೆಂಬ ಹೆಸರಿದೆ. ಹಾರದ ಹೋಲಿಕೆ ಕೇವಲ ರಾಜಸ್ತುತಿಯಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಹಾರದಲ್ಲಿ ನಡುವಿನ ಪದಕದ ಎರಡೂ ಬದಿಗೆ ಮಣಿಗಳು ಸಮನಾಗಿ ಇರುವಂತೆ ಈ ಸಂಖ್ಯೆಗಳಲ್ಲಿಯೂ ಅಂಕೆಗಳು ಇವೆ.

ಇಂಥ ಗುಣಲಬ್ಧವನ್ನು ಕಾಣಬೇಕಾದರೆ ಲೆಕ್ಕವನ್ನು ಹಿಂದುಮುಂದಾಗಿ ಮಾಡಬೇಕು ಎಂಬುದು ಇಲ್ಲಿಯ ಮುಖ್ಯ ಸಂಗತಿ. 152207ನ್ನು 73ರಿಂದ ಗುಣಿಸು ಎಂದು ಶಿಷ್ಯನಿಗೆ ಹೇಳುವುದು ಸುಲಭ. ಆದರೆ ಆ ಎರಡು ಸಂಖ್ಯೆಗಳು ಆಚಾರ್ಯನಿಗೆ ಎಲ್ಲಿಂದ ಬಂದವು? ಮೊದಲು ಎಂಟು ಒಂದುಗಳನ್ನು ಇಟ್ಟುಕೊಂಡು, ಅದು ಯಾವ ಸಂಖ್ಯೆಯಿಂದ ನಿಶ್ಶೇಷವಾಗಿ ಒಡೆಯುತ್ತದೆ ಎಂದು ಹುಡುಕಿದವನಿಗೆ ಮಾತ್ರ 73 ಸಿಗುತ್ತದೆ. ಇಂದಿನ ಕ್ರಮದಲ್ಲಿ ಪೂರ್ತಿಯಾಗಿ ಒಡೆದರೆ 11111111 ಎಂಬುದು 11, 73, 101, 137 ಎಂಬ ನಾಲ್ಕು ಅವಿಭಾಜ್ಯಗಳ ಗುಣಲಬ್ಧ. 152207 ಎಂಬುದು 11, 101, 137ರ ಗುಣಲಬ್ಧ. ಇವುಗಳಲ್ಲಿ 11ನ್ನೂ 101ನ್ನೂ ಯಾರಾದರೂ ಕಾಣಬಲ್ಲರು. 1111ನ್ನು 11ರಿಂದ ಭಾಗಿಸಿದರೆ 101 ಬರುತ್ತದೆ. ಉಳಿಯುವುದು 10001. ಅದು 73 × 137 ಎಂದು ತಿಳಿಯಬೇಕಾದರೆ ತಾಳ್ಮೆ ಬೇಕು. ಮಹಾವೀರಾಚಾರ್ಯ ಆ ಕಷ್ಟದ ತುಂಡನ್ನೇ, 73ನ್ನೇ, ಗುಣಕವಾಗಿ ಆರಿಸಿಕೊಂಡಿದ್ದಾನೆ.

ಮತ್ತೊಂದು ಉದಾಹರಣೆ ಇನ್ನೂ ಸ್ಪಷ್ಟವಾಗಿದೆ. 12345654321 ಎಂಬುದು ಆರು ಒಂದುಗಳ, ಅಂದರೆ 111111ರ, ವರ್ಗ. 111111ರ ಅವಿಭಾಜ್ಯ ಅಪವರ್ತನಗಳು 3, 7, 11, 13, 37. ಇವುಗಳಲ್ಲಿ 3 ಮತ್ತು 7ನ್ನು ಬೇರ್ಪಡಿಸಿ ಗುಣಿಸಿದರೆ 21, ಅದರ ವರ್ಗ 441. ಉಳಿದ 11, 13, 37ನ್ನು ಗುಣಿಸಿದರೆ 5291, ಅದರ ವರ್ಗ 27994681. ಎರಡು ವರ್ಗಗಳು ಆಕಸ್ಮಿಕವಾಗಿ ಹೀಗೆ ಒದಗಿಬಂದವೆಂದು ನಂಬುವುದು ಕಷ್ಟ. (ಒಂದುಗಳ ವರ್ಗವಾದ 121, 12321 ಮೊದಲಾದ ಸಂಖ್ಯೆಗಳನ್ನು ಇಪ್ಪತ್ತನೆಯ ಶತಮಾನದಲ್ಲಿ ದೇವಳಾಲಿಯ ಶಾಲಾಶಿಕ್ಷಕ ದ.ರಾ. ಕಾಪ್ರೇಕರ್ ಅವರು ವಿಸ್ತಾರವಾಗಿ ಅಭ್ಯಾಸ ಮಾಡಿ, ಮುಂಬಯಿ ಬಳಿಯ ಒಂದು ರೈಲು ನಿಲ್ದಾಣದ ಹೆಸರಿನಿಂದ ಡೆಮ್ಲೊ ಸಂಖ್ಯೆಗಳೆಂದು ಕರೆದರು. ಒಂಬತ್ತನೆಯ ಶತಮಾನದ ಕಂಠಾಭರಣಕ್ಕೆ ರೈಲ್ವೆ ಕಾಲದಲ್ಲಿ ಬಂದ ಹೆಸರಿದು.) 100010001ರ ಅಪವರ್ತನಗಳು 3, 7, 13, 37 ಮತ್ತು 9901. ಇಲ್ಲಿ 9901 ಅವಿಭಾಜ್ಯ. 15151 ಎಂಬ ಹಾರದಲ್ಲಂತೂ ಗುಣಕ, ಗುಣ್ಯ ಎರಡೂ ಅವಿಭಾಜ್ಯಗಳು. 139 ಮತ್ತು 109ರ ಹೊರತು ಅದನ್ನು ಕಟ್ಟುವ ಬೇರೆ ದಾರಿಯೇ ಇಲ್ಲ.

ಹೀಗೆಂದ ಮಾತ್ರಕ್ಕೆ ಅವಿಭಾಜ್ಯ ಸಂಖ್ಯೆಗಳ ಸಿದ್ಧಾಂತವನ್ನು ಮಳಖೇಡದಲ್ಲಿಯೇ ಕಂಡುಹಿಡಿಯಲಾಗಿತ್ತು ಎಂದು ಸಾರುವುದು ಸರಿಯಲ್ಲ. ಈ ಉದಾಹರಣೆಗಳಲ್ಲಿ ಆಚಾರ್ಯನು ಹಾರವನ್ನು ತೋರಿಸುತ್ತಾನೆ, ದಾರವನ್ನು ತೋರಿಸುವುದಿಲ್ಲ. ಅಪವರ್ತನಗಳನ್ನು ಹುಡುಕುವ ಕ್ರಮವನ್ನು ಪ್ರತ್ಯೇಕ ಅಧ್ಯಾಯವಾಗಿ ನಿರೂಪಿಸಿದ್ದು ಐದು ಶತಮಾನಗಳ ಅನಂತರ ಬಂದ ನಾರಾಯಣ ಪಂಡಿತನ 'ಗಣಿತಕೌಮುದಿ' (1356). ಅಲ್ಲಿಯ ಆ ಭಾಗಕ್ಕೆ ಭಾಗಾದಾನವೆಂದು ಹೆಸರು. ಮಹಾವೀರಾಚಾರ್ಯ ತಪ್ಪಿದ ಎಡೆಗಳೂ ಇವೆ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂಬುದು ಅವನ ಮಾತು. ಇಂದಿನ ಗಣಿತ ಅದನ್ನು ಒಪ್ಪುವುದಿಲ್ಲ. ಪ್ರಾಚೀನರನ್ನು ಸರ್ವಜ್ಞರೆನ್ನುವವರಿಗೂ ಅವರಿಗೆ ಏನೂ ತಿಳಿದಿರಲಿಲ್ಲ ಎನ್ನುವವರಿಗೂ ಈ ಗ್ರಂಥ ಪೂರ್ತಿಯಾಗಿ ಒದಗುವುದಿಲ್ಲ. ಪಠ್ಯವು ನಿಶ್ಚಯವಾಗಿ ಹೇಳುವುದಿಷ್ಟು: ಇಷ್ಟು ಅಚ್ಚುಕಟ್ಟಾದ ಗುಣಲಬ್ಧಗಳನ್ನು ಆರಿಸಿಕೊಂಡವನು ಸಂಖ್ಯೆಗಳನ್ನು ಒಡೆದು ನೋಡಿದ್ದನು, ಮತ್ತು ಒಡೆದ ತುಂಡುಗಳಲ್ಲಿ ಮತ್ತೆ ಒಡೆಯದಂಥವು ಅವನ ಕೈಗೆ ಸಿಕ್ಕಿದ್ದವು.

ಕೇವಲ ಒಂದುಗಳಿಂದಾದ ಸಂಖ್ಯೆಗೆ ಕನ್ನಡದಲ್ಲಿ ರೂಢವಾದ ಹೆಸರಿಲ್ಲ. ಒಂಟಿ ಎಳೆಯ ಹಾರಕ್ಕೆ 'ಏಕಾವಳಿ' ಎಂಬ ಹೆಸರಿರುವುದರಿಂದ ಈ ಲೇಖನದ ಮಟ್ಟಿಗೆ ಅಂಥ ಸಂಖ್ಯೆಯನ್ನು ಏಕಾವಳಿ ಎಂದು ಕರೆಯಲಾಗಿದೆ. ಅದೇ ಹೆಸರಿನ ಅಲಂಕಾರವೊಂದು ಇರುವುದು ನಿಜ. ಆದರೆ ಒಂದುಗಳ ಆವಳಿ ಎಂಬ ಅರ್ಥವೂ ಒದಗುವ ಇಂಥ ಶಬ್ದವನ್ನು ಗೊಂದಲದ ಭಯದಿಂದ ಬಿಡುವುದು ಉಚಿತವಲ್ಲವೆಂದು ತೋರುತ್ತದೆ.

ಮಹಾವೀರಾಚಾರ್ಯನ ಎಂಟರ ಏಕಾವಳಿ ಒಡೆಯಿತು, ಒಂಬತ್ತರದೂ ಒಡೆಯಿತು. ಒಡೆಯದ ಏಕಾವಳಿ ಇದೆಯೆ? ಮಣಿಗಳ ಎಣಿಕೆಯಲ್ಲಿಯೇ ಒಂದು ಸುಳಿವಿದೆ. ಎಂಟು ಮಣಿಗಳ ಹಾರವನ್ನು ನಾಲ್ಕು ನಾಲ್ಕಾಗಿ ಕತ್ತರಿಸಬಹುದು. ಆದ್ದರಿಂದ 11111111 ಎಂಬುದು 1111 × 10001 ಆಗುತ್ತದೆ. ಒಂಬತ್ತು ಮಣಿಗಳನ್ನು ಮೂರು ಮೂರಾಗಿ ಕತ್ತರಿಸಿದರೆ 111 × 1001001. ಮಣಿಗಳ ಎಣಿಕೆ ವಿಭಾಜ್ಯವಾದರೆ ಹಾರವೂ ವಿಭಾಜ್ಯ. ಆದ್ದರಿಂದ ಒಡೆಯದ ಏಕಾವಳಿ ಬೇಕಾದರೆ ಮಣಿಗಳ ಎಣಿಕೆ ಅವಿಭಾಜ್ಯವಾಗಿರಲೇಬೇಕು. ಆದರೆ ಅಷ್ಟೇ ಸಾಲದು. ಎರಡು ಮಣಿಗಳ 11 ಅವಿಭಾಜ್ಯ. ಮೂರು ಮಣಿಗಳ 111 ಎಂಬುದು 3 × 37. ಐದರ ಏಕಾವಳಿ 41 × 271. ಏಳರದು 239 × 4649. ಹನ್ನೊಂದರದು 21649 × 513239. ಹದಿಮೂರರದು 53 × 79 × 265371653. ಹದಿನೇಳರದು 2071723 × 5363222357. ಇಲ್ಲಿಗೆ ಬರುವಷ್ಟರಲ್ಲಿ, ಹನ್ನೊಂದರ ಹೊರತು ಎಲ್ಲ ಏಕಾವಳಿಗಳೂ ಒಡೆಯುತ್ತವೆಯೇನೋ ಎಂಬ ನಿರ್ಣಯಕ್ಕೆ ಓದುಗ ಬಂದಿರುತ್ತಾನೆ. ಹತ್ತೊಂಬತ್ತರಲ್ಲಿ ಆ ನಿರ್ಣಯ ಸುಳ್ಳಾಗುತ್ತದೆ:

1111111111111111111

ಹತ್ತೊಂಬತ್ತು ಒಂದುಗಳ ಈ ಸಂಖ್ಯೆ ಅವಿಭಾಜ್ಯ. ಗಣಿತಸಾರಸಂಗ್ರಹದ ಸಂಜ್ಞಾಧಿಕಾರದಲ್ಲಿ ಸಂಖ್ಯಾಸ್ಥಾನಗಳಿಗೆ ಇಪ್ಪತ್ತನಾಲ್ಕು ಹೆಸರುಗಳಿವೆ; ಏಕ, ದಶ, ಶತಗಳಿಂದ ಆರಂಭವಾಗಿ ಕೋಟಿ, ಅರ್ಬುದ, ಖರ್ವ, ಪದ್ಮ, ಕ್ಷೋಣಿ, ಶಂಖ, ಕ್ಷಿತಿಗಳನ್ನು ದಾಟಿ ಮಹಾಕ್ಷೋಭದವರೆಗೆ ಅವು ಸಾಗುತ್ತವೆ. ಅವುಗಳಲ್ಲಿ ಹತ್ತೊಂಬತ್ತನೆಯದು ಶಂಖ. ಆದುದರಿಂದ ಈ ಸಂಖ್ಯೆಯನ್ನು ಮಹಾವೀರಾಚಾರ್ಯನ ಭಾಷೆಯಲ್ಲಿಯೇ ಒಂದು ಶಂಖ, ಒಂದು ಮಹಾಕ್ಷೋಣಿ, ಒಂದು ಕ್ಷೋಣಿ ಎಂದು ಆರಂಭಿಸಿ ಒಂದರವರೆಗೆ ಓದಬಹುದು. ಮುಂದಿನ ಒಡೆಯದ ಏಕಾವಳಿ ಇಪ್ಪತ್ತಮೂರು ಒಂದುಗಳದು. ಅದರ ತುದಿ ಕ್ಷೋಭದಲ್ಲಿದೆ. ಅವನ ಇಪ್ಪತ್ತನಾಲ್ಕು ಸ್ಥಾನಗಳ ಒಳಗೆ ಇಂಥವು ಒಟ್ಟು ಮೂರೇ: ಎರಡರದು, ಹತ್ತೊಂಬತ್ತರದು, ಇಪ್ಪತ್ತಮೂರರದು. ಹೆಸರುಗಳು ಅವನಲ್ಲಿ ಸಿದ್ಧವಾಗಿದ್ದವು. ಪರೀಕ್ಷಿಸುವ ಸಾಧನ ಇರಲಿಲ್ಲ.

ಪರೀಕ್ಷೆ ಎಷ್ಟು ಕಠಿಣವೆಂಬುದನ್ನು ಊಹಿಸಬಹುದು. ಒಂದು ಸಂಖ್ಯೆ ಅವಿಭಾಜ್ಯವೇ ಎಂದು ತಿಳಿಯಲು ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಹತ್ತೊಂಬತ್ತರ ಏಕಾವಳಿಯ ವರ್ಗಮೂಲ ನೂರೈದು ಕೋಟಿಗೂ ಮಿಗಿಲು. ಇಲ್ಲಿ ಫ್ರಾನ್ಸಿನ ನ್ಯಾಯಾಧಿಕಾರಿ ಪಿಯರ್ ದ ಫರ್ಮಾ 1640ರಲ್ಲಿ ತಿಳಿಸಿದ ಒಂದು ನಿಯಮ ನೆರವಿಗೆ ಬರುತ್ತದೆ. ಅದನ್ನು ದಶಮಾಂಶದ ಮೂಲಕ ಹೀಗೆ ವಿವರಿಸಬಹುದು. 1ನ್ನು 41ರಿಂದ ಭಾಗಿಸಿದರೆ 0.0243902439... ಎಂದು ಐದೈದು ಅಂಕೆಗಳು ಮರುಕಳಿಸುತ್ತವೆ. 271ರಿಂದ ಭಾಗಿಸಿದರೆ 0.0036900369... ಇಲ್ಲಿಯೂ ಐದೇ. 41 ಮತ್ತು 271 ಎರಡೂ ಐದರ ಏಕಾವಳಿಯ ತುಂಡುಗಳೆಂಬುದನ್ನು ನೆನೆಯಬೇಕು. ಮರುಕಳಿಕೆಯ ಉದ್ದವು ಆ ಅವಿಭಾಜ್ಯದಿಂದ 1ನ್ನು ಕಳೆದಾಗ ಬರುವ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುತ್ತದೆ ಎಂಬುದು ಆ ನಿಯಮದ ಫಲ. 40 ಮತ್ತು 270 ಎರಡೂ 5ರಿಂದ ಭಾಗವಾಗುತ್ತವೆ. ಏಳರ ಏಕಾವಳಿಯಲ್ಲಿ 238, 4648 ಎರಡೂ 7ರಿಂದ ಭಾಗವಾಗುತ್ತವೆ. ಇದೇ ರೀತಿ ಹತ್ತೊಂಬತ್ತರ ಏಕಾವಳಿಗೆ ಅಪವರ್ತನವಿದ್ದರೆ ಅದು 38ರ ಗುಣಕಕ್ಕಿಂತ ಒಂದು ಹೆಚ್ಚಾಗಿರಲೇಬೇಕು, ಉಳಿದವನ್ನು ಮುಟ್ಟಬೇಕಾಗಿಲ್ಲ. ಆದರೂ ನೋಡಬೇಕಾದ ಸಂಖ್ಯೆಗಳು ಸುಮಾರು 2 ಕೋಟಿ 77 ಲಕ್ಷ ಉಳಿಯುತ್ತವೆ. ನಿಮಿಷಕ್ಕೊಂದು ಭಾಗಾಕಾರದಂತೆ ಹಗಲಿರುಳು ನಿಲ್ಲದೆ ಮಾಡಿದರೂ 52 ವರ್ಷಗಳು ಬೇಕು. ಇವುಗಳಲ್ಲಿ ಅವಿಭಾಜ್ಯವಲ್ಲದವನ್ನು ಬಿಟ್ಟುಬಿಡಬಹುದು ಎನ್ನಬಹುದು. ಆದರೆ ಅವಿಭಾಜ್ಯವಲ್ಲದವು ಯಾವುವೆಂದು ತಿಳಿಯುವುದೂ ಒಂದು ಕೆಲಸವೇ. ಆಸ್ಕರ್ ಹೊಪ್ಪೆ ಎಂಬ ಗಣಿತಜ್ಞ 1918ರ ವೇಳೆಗೆ ಈ ಸಂಖ್ಯೆಯ ಅವಿಭಾಜ್ಯತೆಯನ್ನು ಸಾಧಿಸಿದ್ದನು. ಇಪ್ಪತ್ತಮೂರರದು 1929ರಲ್ಲಿ ನಿರ್ಣಯವಾಯಿತು. ಎರಡೂ ಗಣಕಯಂತ್ರಕ್ಕಿಂತ ಮೊದಲಿನ ಸಾಧನೆಗಳು.

ಈ ಸಂಖ್ಯೆಯ ಇತರ ಗುಣಗಳಲ್ಲಿ ಒಂದನ್ನು ವಿಶೇಷವಾಗಿ ಹೇಳಬೇಕು. ಎಂಟು ಅಂಕೆಗಳ ಮರುಕಳಿಕೆಯುಳ್ಳ ಅವಿಭಾಜ್ಯಗಳು ಎರಡಿವೆ, 73 ಮತ್ತು 137. ಐದು ಅಂಕೆಗಳದೂ ಎರಡು. ಹತ್ತೊಂಬತ್ತು ಅಂಕೆಗಳ ಮರುಕಳಿಕೆ ಇರುವ ಅವಿಭಾಜ್ಯ ಇಡೀ ಸಂಖ್ಯಾಲೋಕದಲ್ಲಿ ಇದೊಂದೇ. 1ನ್ನು ಇದರಿಂದ ಭಾಗಿಸಿದರೆ ದಶಮಾಂಶದ ಅನಂತರ ಹದಿನೆಂಟು ಸೊನ್ನೆಗಳು, ಒಂದು ಒಂಬತ್ತು; ಮತ್ತೆ ಹದಿನೆಂಟು ಸೊನ್ನೆಗಳು, ಒಂದು ಒಂಬತ್ತು. ಇದು ಗತಪ್ರತ್ಯಾಗತವೂ ಹೌದು; ಅಂಕೆಗಳನ್ನು ಹೇಗೆ ಸ್ಥಾನಪಲ್ಲಟ ಮಾಡಿದರೂ ಅವಿಭಾಜ್ಯವಾಗಿಯೇ ಉಳಿಯುತ್ತದೆ. ಆದರೆ ಎಲ್ಲ ಅಂಕೆಗಳೂ ಒಂದೇ ಆಗಿರುವಾಗ ಅದು ದೊಡ್ಡ ಮಾತಲ್ಲ.

ಕನ್ನಡ ಛಂದಸ್ಸಿನ ವಿದ್ಯಾರ್ಥಿಗೆ ಹತ್ತೊಂಬತ್ತು ಬೇರೊಂದು ಕಾರಣಕ್ಕೆ ಪರಿಚಿತ. ಅದು ಶಾರ್ದೂಲವಿಕ್ರೀಡಿತದ ಪಾದದ ಅಕ್ಷರಸಂಖ್ಯೆ. ಖ್ಯಾತಕರ್ಣಾಟಕ ವೃತ್ತಗಳಲ್ಲಿ ಉತ್ಪಲಮಾಲೆ, ಮತ್ತೇಭವಿಕ್ರೀಡಿತಗಳಿಗೆ 20, ಚಂಪಕಮಾಲೆ, ಸ್ರಗ್ಧರೆಗಳಿಗೆ 21, ಮಹಾಸ್ರಗ್ಧರೆಗೆ 22. ಆರರಲ್ಲಿ ಅವಿಭಾಜ್ಯವಾದ ಅಕ್ಷರಸಂಖ್ಯೆ ಇರುವುದು ಶಾರ್ದೂಲಕ್ಕೆ ಮಾತ್ರ. ಇದು ಕೇವಲ ಕುತೂಹಲದ ಸಂಗತಿ. ಆದರೆ ಪ್ರಸ್ತಾರದ ಕಡೆಗೆ ಹೊರಳಿದರೆ ಅದಕ್ಕಿಂತ ಹೆಚ್ಚಿನದು ಸಿಗುತ್ತದೆ. ನಾಗವರ್ಮನ 'ಛಂದೋಂಬುಧಿ'ಯನ್ನು ಓದಿದವರಿಗೆ ಪ್ರಸ್ತಾರ ಗೊತ್ತು. ಪ್ರತಿ ಅಕ್ಷರವೂ ಗುರು ಇಲ್ಲವೆ ಲಘು ಆಗಬಹುದಾದ್ದರಿಂದ, ಹತ್ತೊಂಬತ್ತು ಅಕ್ಷರಗಳ ಅತಿಧೃತಿ ಛಂದಸ್ಸಿನಲ್ಲಿ ಹತ್ತೊಂಬತ್ತು ಎರಡುಗಳನ್ನು ಗುಣಿಸಿದಷ್ಟು, ಅಂದರೆ 5,24,288 ವೃತ್ತಗಳು ಸಾಧ್ಯ. ಮೊದಲನೆಯದು ಸರ್ವಗುರು, ಕೊನೆಯದು ಸರ್ವಲಘು. ಗುರುವಿಗೆ 0, ಲಘುವಿಗೆ 1 ಎಂದು ಬರೆದು, ಅದನ್ನು ಎರಡರ ಲೆಕ್ಕದ ಸಂಖ್ಯೆಯೆಂದು ಓದಿದರೆ, ಸರ್ವಗುರು ಎಂಬುದು ಸೊನ್ನೆ. ಸರ್ವಲಘು ಎಂಬುದು ಹತ್ತೊಂಬತ್ತು ಒಂದುಗಳ ಏಕಾವಳಿ. ಅದರ ಬೆಲೆ 5,24,287. ಇದೂ ಅವಿಭಾಜ್ಯವೇ. ಇಟಲಿಯ ಕತಾಲ್ದಿ 1588ರಲ್ಲಿ ಇದನ್ನು ಸಾಧಿಸಿದನು. ಆಯ್ಲರ್ 1772ರಲ್ಲಿ 214,74,83,647 ಅವಿಭಾಜ್ಯವೆಂದು ತೋರಿಸುವವರೆಗೆ, ತಿಳಿದಿದ್ದ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಇದೇ ಆಗಿತ್ತು.

ಎರಡರ ಲೆಕ್ಕದ ಏಕಾವಳಿಗಳಿಗೆ ಪಾಶ್ಚಾತ್ಯ ಗಣಿತದಲ್ಲಿ ಮರ್ಸೆನ್ ಸಂಖ್ಯೆಗಳೆಂದು ಹೆಸರು. ಇವು ಹತ್ತರ ಲೆಕ್ಕದವುಗಳಿಗಿಂತ ಹೆಚ್ಚಾಗಿ ಒಲಿಯುತ್ತವೆ. ಏಳು ಅಕ್ಷರಗಳ ಉಷ್ಣಿಕ್ಕಿನಲ್ಲಿ 127, ಹದಿಮೂರರ ಅತಿಜಗತಿಯಲ್ಲಿ 8191, ಹದಿನೇಳರ ಅತ್ಯಷ್ಟಿಯಲ್ಲಿ 1,31,071, ಇವೆಲ್ಲ ಅವಿಭಾಜ್ಯಗಳು. ಹನ್ನೊಂದರ ತ್ರಿಷ್ಟುಪ್ಪಿನಲ್ಲಿ ಮಾತ್ರ 2047 ಬಂದು 23 × 89 ಎಂದು ಒಡೆಯುತ್ತದೆ. ಇಪ್ಪತ್ತಮೂರು ಅಕ್ಷರಗಳ ವಿಕೃತಿಯದೂ ಹಾಗೆಯೇ; ಅದು 47 × 178481. ಹದಿನೇಳು ಎರಡರ ಲೆಕ್ಕದಲ್ಲಿ ನಿಲ್ಲುತ್ತದೆ, ಹತ್ತರಲ್ಲಿ ಒಡೆಯುತ್ತದೆ. ಇಪ್ಪತ್ತಮೂರು ಹತ್ತರಲ್ಲಿ ನಿಲ್ಲುತ್ತದೆ, ಎರಡರಲ್ಲಿ ಒಡೆಯುತ್ತದೆ. ಎರಡೂ ಲೆಕ್ಕಗಳಲ್ಲಿ ಒಡೆಯದೆ ನಿಲ್ಲುವುದು, ಎರಡೇ ಮಣಿಗಳ ಚಿಕ್ಕ ಹಾರದ ಅನಂತರ, ಹತ್ತೊಂಬತ್ತು. ನಮ್ಮ ಛಂದಶ್ಶಾಸ್ತ್ರಕಾರರು ಇದನ್ನು ಅರಿತಿದ್ದರೆಂಬ ಸೂಚನೆ ಇದರಲ್ಲಿಲ್ಲ. ಅವರಿಗೆ ಬೇಕಾಗಿದ್ದುದು ವೃತ್ತಗಳ ಎಣಿಕೆಯೇ ಹೊರತು ಆ ಎಣಿಕೆಯ ಅಪವರ್ತನಗಳಲ್ಲ. ಆದರೆ ಪ್ರಸ್ತಾರವನ್ನು ಬಲ್ಲ ಕನ್ನಡ ವಿದ್ಯಾರ್ಥಿಗೆ ಮರ್ಸೆನ್ ಸಂಖ್ಯೆಯನ್ನು ಅರ್ಥಮಾಡಿಸಲು ಅರ್ಧ ಗಂಟೆ ಸಾಕು. ಇಂಗ್ಲಿಷ್ ಪಠ್ಯದ ಸೂತ್ರದಿಂದ ಆರಂಭಿಸಿದರೆ ಅದೇ ವಿದ್ಯಾರ್ಥಿ ಮೊದಲ ಸಾಲಿನಲ್ಲಿಯೇ ಪುಸ್ತಕ ಮುಚ್ಚಿಡುತ್ತಾನೆ ಎಂಬುದು ಲೇಖಕನ ಅನುಭವ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಹುಡುಕಾಟ ಗಣಕಯಂತ್ರದ ಕೈಗೆ ಹೋಯಿತು. ಅದರ ವಿವರ ಇಲ್ಲಿ ಬೇಡ. ಎರಡು ಸಂಗತಿಗಳು ಸಾಕು. ದೊಡ್ಡ ಸಂಖ್ಯೆ ಅವಿಭಾಜ್ಯವೇ ಎಂದು ತಿಳಿಯುವುದು ಒಂದು ಕೆಲಸ. ಅವಿಭಾಜ್ಯವಲ್ಲವೆಂದು ತಿಳಿದ ಮೇಲೆ ಅದನ್ನು ಒಡೆಯುವುದು ಬೇರೊಂದು ಕೆಲಸ. ಮೊದಲನೆಯದು ಅಂಕೆಗಳ ಎಣಿಕೆ ಹೆಚ್ಚಿದಂತೆ ಕೈಮೀರಿ ಬೆಳೆಯುವುದಿಲ್ಲವೆಂದು, ಊಹೆಯ ನೆರವಿಲ್ಲದೆ, 2002ರ ಆಗಸ್ಟಿನಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್ ಮತ್ತು ಅವರ ವಿದ್ಯಾರ್ಥಿಗಳಾದ ನೀರಜ್ ಕಯಾಲ್, ನಿತಿನ್ ಸಕ್ಸೇನಾ ತೋರಿಸಿಕೊಟ್ಟರು. ಕಯಾಲ್ ಅವರು ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡಿದರು. ಎರಡನೆಯದಕ್ಕೆ, ಅಂದರೆ ಒಡೆಯುವುದಕ್ಕೆ, ಸಾಮಾನ್ಯ ಗಣಕಯಂತ್ರಗಳಲ್ಲಿ ಅಂಥ ವೇಗದ ಕ್ರಮ ಸಿಕ್ಕಿಲ್ಲ. 1977ರಲ್ಲಿ ರಿವೆಸ್ಟ್, ಶಮೀರ್, ಅಡ್ಲ್‌ಮನ್ ಎಂಬ ಮೂವರು ರೂಪಿಸಿದ ಗುಪ್ತಲಿಪಿಯು ಈ ಕಷ್ಟದ ಮೇಲೆಯೇ ನಿಂತಿದೆ. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸಿ ಗುಣಲಬ್ಧವನ್ನು ಬಹಿರಂಗಪಡಿಸಿದರೂ ಗುಟ್ಟು ಉಳಿಯುತ್ತದೆ, ಏಕೆಂದರೆ ಅದನ್ನು ಮರಳಿ ಒಡೆಯಬಲ್ಲವರಿಲ್ಲ. 10001ನ್ನು 73 ಮತ್ತು 137 ಎಂದು ಒಡೆಯುವ ಕಷ್ಟವೇ ನೂರಾರು ಅಂಕೆಗಳಿಗೆ ಹಿಗ್ಗಿದಾಗ ಬೀಗವಾಗಿದೆ.

2024ರ ಅಕ್ಟೋಬರಿನಲ್ಲಿ ಪ್ರಕಟವಾದ ಮರ್ಸೆನ್ ಅವಿಭಾಜ್ಯವು ಎರಡರ ಲೆಕ್ಕದಲ್ಲಿ 13,62,79,841 ಒಂದುಗಳ ಏಕಾವಳಿ. ಅಮೆರಿಕದ ಲ್ಯೂಕ್ ಡ್ಯುರಾಂಟ್ ಅದನ್ನು ಕಂಡುಹಿಡಿದರು. ಹತ್ತರ ಲೆಕ್ಕದಲ್ಲಿ ಬರೆದರೆ ಅದಕ್ಕೆ 4,10,24,320 ಅಂಕೆಗಳು. 13,62,79,841 ಅಕ್ಷರಗಳ ಪಾದವುಳ್ಳ ಛಂದಸ್ಸೊಂದಿದ್ದರೆ ಅದರ ಪ್ರಸ್ತಾರದ ಕೊನೆಯ ಸಾಲು ಇದು ಎಂದು ನಾವು ಹೇಳಿಕೊಳ್ಳಬಹುದು.

ಮಹಾವೀರಾಚಾರ್ಯನು ಬರೆದ ಹತ್ತರ ಲೆಕ್ಕದ ಹಾರಗಳ ದಾರಿ ಇದಕ್ಕಿಂತ ವಿರಳವಾದುದು. ಇಪ್ಪತ್ತಮೂರರ ಅನಂತರ ಒಡೆಯದ ಏಕಾವಳಿ ಸಿಗುವುದು ನೇರವಾಗಿ ಮುನ್ನೂರ ಹದಿನೇಳು ಮಣಿಗಳಿಗೆ. ಅಲ್ಲಿಗೆ ಮಹಾಕ್ಷೋಭವನ್ನು ದಾಟಿ ಮತ್ತೆ 293 ಸ್ಥಾನನಾಮಗಳು ಬೇಕಾಗುತ್ತವೆ. ಅದರ ಮುಂದಿನ 1031 ಮಣಿಗಳದನ್ನು 1986ರಲ್ಲಿ ವಿಲಿಯಮ್ಸ್ ಮತ್ತು ಡಬ್ನರ್ ಸಾಧಿಸಿದರು. 49,081 ಮಣಿಗಳದು ಅವಿಭಾಜ್ಯವಾಗಿರುವ ಸಂಭವವಿದೆಯೆಂದು 1999ರಲ್ಲಿ ಡಬ್ನರ್ ಗುರುತಿಸಿದರು. ಅದರ ಪೂರ್ಣ ಸಾಧನೆಗೆ 2022ರವರೆಗೆ ಕಾಯಬೇಕಾಯಿತು. 81,77,207 ಒಂದುಗಳ ಮತ್ತೊಂದು ಹಾರ 2021ರಲ್ಲಿ ಗೋಚರವಾಗಿದೆ. ಅದು ಒಡೆಯುವುದಿಲ್ಲವೆಂದು ಪರೀಕ್ಷೆಗಳು ಸೂಚಿಸುತ್ತವೆ, ಸಾಧನೆ ಇನ್ನೂ ಆಗಿಲ್ಲ. ಇಂಥ ಹಾರಗಳಿಗೆ ಕೊನೆಯಿದೆಯೇ ಎಂಬ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ.